ಬಾವಿಕಟ್ಟೆಯ ಬದಿಯ ಗರುಗ

ಉಡುಪಿಯ ಸುತ್ತಿನ ಗದ್ದೆಹುಣಿಗಳಲ್ಲಿ (ಗದ್ದೆಯ ಬದುಗಳಲ್ಲಿ) ತಾನಾಗಿ ಹಬ್ಬುವ ಗರುಗವನ್ನು, ಅಂದರೆ ಭೃಂಗರಾಜವನ್ನು, ಈ ಮಳೆಗಾಲದಲ್ಲಿ ನಮ್ಮ ಬಾವಿಕಟ್ಟೆಯ ಬದಿಯ ತೇವದ ಮಣ್ಣಿನಲ್ಲಿ ಬೆಳೆಸುತ್ತಿದ್ದೇನೆ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೇ ಸೇರಿದ ಈ ಸಣ್ಣ ಬಿಳಿ ಹೂವಿನ ಗಿಡವೆಂದುಕೊಂಡು, ತಲೆಗೆಣ್ಣೆ ಕಾಯಿಸಲು ಹಲವರು ರಸ್ತೆಬದಿಯ ಟ್ರೈಡ್ಯಾಕ್ಸ್ ಎಂಬ ಕಳೆಗಿಡವನ್ನು ಕಿತ್ತು ತರುತ್ತಾರೆ. ಟ್ರೈಡ್ಯಾಕ್ಸಿನ ಹೂವು ಉದ್ದನೆಯ ತೊಟ್ಟಿನ ತುದಿಯಲ್ಲಿ ಒಂಟಿಯಾಗಿ ನಿಲ್ಲುತ್ತದೆ, ಅದರ ನಡುಭಾಗ ಹಳದಿಯಾಗಿರುತ್ತದೆ, ಬೀಜಕ್ಕೆ ಗಾಳಿಯಲ್ಲಿ ತೇಲುವ ಕುಚ್ಚಿರುತ್ತದೆ. ಗರುಗದ ಬೀಜಕ್ಕೆ ಅಂಥ ಕುಚ್ಚಿಲ್ಲ. ಎಲ್ಲಕ್ಕಿಂತ ನಂಬಬಹುದಾದ ಗುರುತೆಂದರೆ ರಸ: ಗರುಗದ ಎಳೆಯ ದಂಟನ್ನು ಮುರಿದು ಬೆರಳುಗಳ ನಡುವೆ ಹೊಸಕಿದರೆ, ಹಸಿರಾಗಿದ್ದ ರಸ ನೋಡನೋಡುತ್ತಿದ್ದಂತೆ ಕಪ್ಪಾಗಿ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ.

ಬೆಳೆಸುವುದು ಕಷ್ಟವಲ್ಲ. ಬೀಜ ಮೊಳೆಯಲು ಬೆಳಕು ಬೇಕಾದ್ದರಿಂದ ಅದನ್ನು ಹೂಳದೆ ಒದ್ದೆ ಮಣ್ಣಿನ ಮೇಲೆ ಉದುರಿಸಿದರೆ ಸಾಕು. ನೆಲಕ್ಕೆ ತಾಗಿದ ದಂಟಿನ ಗೆಣ್ಣುಗಳಲ್ಲಿಯೂ ಬೇರು ಬರುತ್ತದೆ. ಕಳೆನಾಶಕ ಹೊಡೆದ ಹುಣಿಗಳಲ್ಲಿ ಗರುಗ ಕಾಣದಾದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಬೇಕೆನ್ನುವ ನೆರೆಹೊರೆಯವರು ಮಳೆ ನಿಲ್ಲುವ ಮೊದಲೇ ಬಂದು ಬೇರು ಬಿಟ್ಟ ತುಂಡುಗಳನ್ನು ಕೊಂಡೊಯ್ಯಬಹುದು.