ಕಾರಿನ ಗಾಲಿಗೆ ಹೊಸಾ ಬೇರಿಂಗ್ ಹಾಕಿದ ಮ್ಯಾಲೂ ಸಪ್ಪಳ ಯಾಕ ಬರ್ತೈತಿ?

"ಮೊನ್ನೆ ಮೊನ್ನೆ ಹೊಸಾ ಬೇರಿಂಗ್ ಹಾಕ್ಸೇವ್ರೀ, ಮತ್ತ ಅದ ಹುಂಯ್ ಅನ್ನಾಕತ್ತೈತಿ." ಬೆಳಗಾವಿಯ ಗ್ಯಾರೇಜುಗಳಿಗೆ ಇದು ಹಳೇ ಮಾತು. ಬೈಗುಳ ತಿನ್ನೋದು ಬೇರಿಂಗ್ ಕಂಪನಿ, ಇಲ್ಲಾ ಚೋರ್ಲಾ ಘಾಟಿನ ಗುಂಡಿ. ಬಿಚ್ಚಿ ನೋಡಿದರೆ ರೇಸ್ (ಗುಂಡುಗಳು ಉರುಳುವ ಉಕ್ಕಿನ ಬಳೆ, ಒಳಗೊಂದು ಹೊರಗೊಂದು) ಮೇಲೆ ಸಾಲಾಗಿ ಸಣ್ಣ ಕುಳಿಗಳು, ಗುಂಡು ಗುಂಡಿನ ನಡುವೆ ಇರುವಷ್ಟೇ ಅಂತರದಲ್ಲಿ. ಇಷ್ಟು ಲೆಕ್ಕವಾಗಿ ಬಿದ್ದಿದ್ದರೆ ಅದು ಹೆಚ್ಚಾಗಿ ಕೂಡಿಸುವಾಗ ಬಿದ್ದ ಸುತ್ತಿಗೆ ಏಟು, ಇಲ್ಲಾ ಪ್ರೆಸ್ಸಿನ ತಪ್ಪು ಒತ್ತಡ.

ಅದಕ್ಕೂ ಮುಂಚೆ, ಸಪ್ಪಳ ನಿಜವಾಗಿ ಬೇರಿಂಗಿನದೇನಾ? ಕಾಕತಿ ಕಡೆ ಹೈವೇ ನುಣುಪಾಗಿದೆ, ಅಲ್ಲಿ ಓಡಿಸಿ. ವೇಗದ ಜೊತೆ ಸಪ್ಪಳ ಏರಬೇಕು, ನ್ಯೂಟ್ರಲ್ ಹಾಕಿದರೂ ನಿಲ್ಲಬಾರದು. ಸ್ಟೇರಿಂಗ್ ಬಲಕ್ಕೆ ಎಳೆದಾಗ ಭಾರ ಎಡಗಾಲಿಗೆ ಬೀಳುತ್ತೆ. ಆಗ ಸಪ್ಪಳ ಜೋರಾದರೆ ಎಡಗಡೆ ಬೇರಿಂಗ್ ಮೇಲೆ ಅನುಮಾನ. ಅನುಮಾನ ಅಷ್ಟೇ, ಕೆಲವು ಗಾಡಿಯಲ್ಲಿ ಇದು ಉಲ್ಟಾ ಹೇಳುತ್ತೆ. ಏರಿಳಿತವಾಗಿ ಸವೆದ ಟೈರೂ ಹೀಗೇ ಗುಂಯ್‌ಗುಡುತ್ತೆ. ಮುಂದಿನ ಗಾಲಿ ಹಿಂದೆ ಹಾಕಿ ನೋಡಿ. ಸಪ್ಪಳವೂ ಹಿಂದಕ್ಕೆ ಹೋದರೆ ಬೇರಿಂಗಿನ ದುಡ್ಡು ಉಳಿಯಿತು. ಪೂರ್ತಿ ತಿರುವಿನಲ್ಲಿ ಕಟಕಟ ಅಂದರೆ ಅದು ಆಕ್ಸಲ್ ಜಾಯಿಂಟ್.

ಆಮೇಲೆ ಜ್ಯಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಡಿ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲಾಟ) ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ: ಪ್ಲೇ ಹೋದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ ನೋಡಿ. ಎಡ ಬಲ ಹಿಡಿದಾಗ ಮಾತ್ರ ಪ್ಲೇ ಇದ್ದರೆ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗ್ ರಾಡಿನ ತುದಿ. ಪ್ಲೇ ಇಲ್ಲದೆಯೂ ಬೇರಿಂಗ್ ಹೋಗಿರುತ್ತೆ. ಕಾಯಿಲ್ ಸ್ಪ್ರಿಂಗ್ ಮೇಲೆ ಅಂಗೈ ಇಟ್ಟು ಗಾಲಿ ತಿರುಗಿಸಿ. ಒಳಗೆ ಮರಳು ಸಿಕ್ಕ ಹಾಗೆ ಕೈಗೆ ಗರಗರ ತಾಗಿದರೆ ಬೇರೆ ಸಾಕ್ಷಿ ಬೇಡ.

ಬಿಚ್ಚುವುದು ಮನೆಯಲ್ಲೂ ಆಗುತ್ತೆ. ಗಾಲಿಯ ನಟ್ಟನಡುವಿನ ಆಕ್ಸಲ್ ನಟ್‌ನ ಮಡಚಿದ ಅಂಚು ಎಬ್ಬಿಸಿ, ಗಾಲಿ ನೆಲದ ಮೇಲಿರುವಾಗಲೇ ಸಡಿಲ ಮಾಡಿ. ಬ್ರೇಕ್ ಕ್ಯಾಲಿಪರನ್ನು (ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ, ಬ್ರೇಕ್ ಹೋಸ್ ಮೇಲೆ ಜೋತು ಬಿಡಬೇಡಿ. ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ಮೊದಲೇ ತೆಗೆದಿಡಿ. ಡಿಸ್ಕ್, ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಸ್ಟ್ರಟ್ಟಿನ (ಸ್ಪ್ರಿಂಗ್ ಕೂತಿರುವ ಶಾಕ್ ಅಬ್ಸಾರ್ಬರ್) ಎರಡು ಬೋಲ್ಟ್ ಬಿಚ್ಚಿದರೆ ನಕಲ್ (knuckle, ಬೇರಿಂಗ್ ಕೂತಿರುವ ಲೋಹದ ಭಾಗ) ಕೈಗೆ ಬರುತ್ತೆ. ಹಬ್ (ಗಾಲಿ ಕೂರುವ ಭಾಗ), ಬೇರಿಂಗ್ ಎರಡೂ ಒಂದೇ ತುಂಡಾದ ನಾಲ್ಕು ಬೋಲ್ಟಿನ ಹಬ್ ಯೂನಿಟ್ ಇರುವ ಗಾಡಿಯಾದರೆ ಪ್ರೆಸ್ ಕೆಲಸವೇ ಇಲ್ಲ, ನಿಮ್ಮ ಪುಣ್ಯ.

ಉಳಿದವರು ನಕಲ್ ಚೀಲದಲ್ಲಿ ಹಾಕಿಕೊಂಡು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಹೋಗಿ, ಹೈಡ್ರಾಲಿಕ್ ಪ್ರೆಸ್ ಇರುವ ಮಷಿನ್ ಶಾಪ್ ಹುಡುಕಿ. ಹಬ್ ಒತ್ತಿ ತೆಗೆದಾಗ ಒಳರೇಸಿನ ಅರ್ಧ ಹಬ್ಬಿಗೇ ಕಚ್ಚಿಕೊಂಡು ಬರೋದು ಮಾಮೂಲಿ. ಗ್ರೈಂಡರಿನಲ್ಲಿ ರೇಸ್ ಮೇಲೆ ಗೀರು ಹಾಕಿ ಛಿನ್ನಿಯಿಂದ ಸೀಳಬೇಕು. ಗೀರು ಹಬ್ಬಿಗೆ ಇಳಿದರೆ ಹಬ್ಬೂ ಹೊಸದು ತರಬೇಕಾದೀತು. ಸರ್ಕ್ಲಿಪ್ (ಬೇರಿಂಗ್ ಸರಿಯದಂತೆ ತಡೆಯುವ ಸ್ಪ್ರಿಂಗ್ ಬಳೆ) ತೆಗೆಯದೆ ಬೇರಿಂಗ್ ಒತ್ತಿದರೆ ನಕಲ್ಲೇ ಬಿರಿಯಬಹುದು.

ಹೊಸದನ್ನು ಕೂಡಿಸುವಾಗ ಪ್ರೆಸ್ಸಿನವನ ಪಕ್ಕದಲ್ಲೇ ನಿಂತುಕೊಳ್ಳಿ, ನಾಚಿಕೆ ಬೇಡ. ಬೇರಿಂಗನ್ನು ನಕಲ್ ಒಳಗೆ ಒತ್ತುವಾಗ ಒತ್ತಡ ಹೊರರೇಸಿನ ಮೇಲೆ ಮಾತ್ರ. ಹಬ್ ಕೂಡಿಸುವಾಗ ಹಿಂದಿನಿಂದ ಒಳರೇಸಿಗೆ ಆಸರೆ ಕೊಡಬೇಕು, ನಕಲ್ಲಿಗಲ್ಲ. ಇದು ತಪ್ಪಿದರೆ ಟನ್‌ಗಟ್ಟಲೆ ಭಾರ ಗುಂಡುಗಳ ಮೂಲಕವೇ ದಾಟುತ್ತೆ, ಆ ಕುಳಿ ಬೀಳೋದು ಹೀಗೆ. ಅಳತೆಯ ಡ್ರಿಫ್ಟ್ (ಒತ್ತಲು ನಡುವೆ ಇಡುವ ಲೋಹದ ತುಂಡು) ಸಿಗದಿದ್ದರೆ ಹಳೇ ಹೊರರೇಸ್ ಸುತ್ತಲೂ ಚೂರು ತೆಳ್ಳಗೆ ಮಾಡಿ ಬಳಸಬಹುದು. ಮನೆಯಲ್ಲಿ ಕಟ್ಟಿಗೆ ತುಂಡಿಟ್ಟು ಬಡಿಯುವ ಶೂರರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ಎಬಿಎಸ್ ಗಾಡಿಯ ಬೇರಿಂಗಿಗೆ ಹಲವು ಸಲ ಒಂದು ಬದಿಯ ಸೀಲಿನಲ್ಲೇ ಮ್ಯಾಗ್ನೆಟ್ ಇರುತ್ತೆ. ಅದು ಸೆನ್ಸರ್ ಕಡೆಗೇ ಬರಬೇಕು. ಸಣ್ಣ ಪಿನ್ ತೋರಿಸಿದರೆ ಆ ಬದಿ ಮೆಲ್ಲಗೆ ಎಳೆಯುತ್ತೆ, ಗೊತ್ತಾಗುತ್ತೆ. ಉಲ್ಟಾ ಕೂಡಿಸಿದರೆ ಡ್ಯಾಶಿನಲ್ಲಿ ಲೈಟ್ ಹತ್ತುತ್ತೆ, ಎಲ್ಲ ಮತ್ತೆ ಬಿಚ್ಚಬೇಕು. ಬಿಚ್ಚಿ ತೆಗೆದ ಬೇರಿಂಗ್ ಮತ್ತೆ ಹಾಕುವಂತಿಲ್ಲ.

ಕೊನೆಗೆ ಆಕ್ಸಲ್ ನಟ್. ಹಳೇದನ್ನು ಎಸೆಯಿರಿ. "ಜಾಬ್ ಕಾರ್ಡಿನಾಗ ನಟ್ ಇಲ್ಲ, ಹಳೇದ ಹಾಕ್ರಿ" ಅನ್ನುವ ಅಡ್ವೈಸರ್ ಎಲ್ಲ ಕಡೆ ಇದ್ದಾರೆ. ಬಿಲ್ಲಿನಲ್ಲಿ ಚಿಲ್ಲರೆ ಉಳಿಸಿ ಬೇರಿಂಗ್ ವಾಪಸ್ ತರಿಸಿಕೊಳ್ಳೋದು ಇವರೇ. ಒಳರೇಸಿನ ಎರಡು ಅರ್ಧಗಳನ್ನು ಒತ್ತಿ ಹಿಡಿಯೋದೇ ಆ ನಟ್. ಅದಕ್ಕೇ ಇಂಪ್ಯಾಕ್ಟ್ ಗನ್ ಬದಿಗಿಟ್ಟು, ಮ್ಯಾನ್ಯುಯಲ್ ನೋಡಿ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಬಿಗಿ ಮಾಡಿ, ಅಂಚು ಮಡಚಿ. ಗಾಲಿ ಜ್ಯಾಕ್ ಮೇಲಿದ್ದಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದು ಇದು ಆಗಬೇಕು. ನಟ್ ಸಡಿಲವಿರುವ ಹೊಸ ಬೇರಿಂಗ್ ಮೇಲೆ ಗಾಡಿಯ ಭಾರ ಬಿಡಬೇಡಿ, ಉರುಳಿಸಲೂ ಬೇಡಿ. ಹೊರಡುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ತುಳಿಯಿರಿ, ಮೊದಲ ಸವಾರಿ ಅಲೈನ್‌ಮೆಂಟಿಗೇ ಆಗಲಿ.