ಹಳೇ ಬ್ರೇಕ್ ಶೂ ಎಸೆಯೋ ಮುಂಚೆ ಒಂದ್ಸಲ ನೋಡಿ

ಗ್ಯಾರೇಜಲ್ಲಿ ನನ್ನ ಕೆಲಸ ಜಾಸ್ತಿ ಹಳೇ ಡೀಸೆಲ್ ವ್ಯಾನ್‌ಗಳದ್ದೇ, ಎಫ್‌ಸಿಗೆ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್ ಟೆಸ್ಟಿಗೆ) ಹೋಗೋ ಮುಂಚೆ ರೆಡಿ ಮಾಡ್ಕೊಡೋದು. ಮೊನ್ನೆ ಒಂದು ವ್ಯಾನ್ ಎರಡು ಸಲ ಫೇಲ್ ಆಯ್ತು, ಎರಡನೇ ಸಲದ್ದು ಪೂರ್ತಿ ನನ್ನ ತಪ್ಪು, ಅದಕ್ಕೇ ಬರೀತಿದೀನಿ.

ಮೊದಲ ಸಲ ಹೋಗಿದ್ದು ಹಿಂದಿನ ಬ್ರೇಕಿಗೆ. ಚಕ್ರ ನಿಲ್ಲಿಸಿ ಬ್ರೇಕ್ ಹಿಡಿಯೋ ಬಲ ಅಳೆಯೋ ರೋಲರ್ ಮೇಲೆ ಬಲಗಡೆ 200 ಕೆಜಿ ಬಂದ್ರೆ ಎಡಗಡೆ ಬರೀ 120. ಜಾಸ್ತಿ ಇರೋ ಕಡೆಗೆ ಹೋಲಿಸಿ ಲೆಕ್ಕ ಹಾಕೋದು, ಅಂದ್ರೆ 40 ಪರ್ಸೆಂಟ್ ವ್ಯತ್ಯಾಸ, ಸಾಮಾನ್ಯವಾಗಿ 30 ದಾಟಿದ್ರೆ ಪಾಸ್ ಆಗಲ್ಲ. ಓಡಿಸೋರಿಗೆ ಇದು ಗೊತ್ತೇ ಆಗಿರ್ಲಿಲ್ಲ, ಯಾಕಂದ್ರೆ ನಿಲ್ಲಿಸೋ ಕೆಲಸ ಬಹುಪಾಲು ಮುಂದಿನ ಚಕ್ರಗಳದ್ದು. ಲೋಡ್ ಹಾಕ್ಕೊಂಡು ಮಳೇಲಿ ಜೋರಾಗಿ ತುಳಿದಾಗ ಹಿಂಭಾಗ ಒಂದು ಕಡೆ ಜಾರಿದ್ಮೇಲೆ ಗೊತ್ತಾಗಿ ಏನು ಪ್ರಯೋಜನ.

"ಅಣ್ಣ ನಾಳೆ ಲೋಡ್ ಇದೆ, ಇವತ್ತೇ ಮುಗಿಸಿಕೊಡಿ" ಅಂತ ಓನರ್ ಪಕ್ಕದಲ್ಲೇ ನಿಂತಿದ್ರು. ಎರಡೂ ಕಡೆ ಡ್ರಮ್ (ಚಕ್ರದ ಜೊತೆ ತಿರುಗೋ ಬಟ್ಟಲು) ಬಿಚ್ಚಿ ಹೊಸ ಶೂ (ಒಳಗಿಂದ ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸೋ ಪಟ್ಟಿ) ಹಾಕ್ದೆ, ಓಡಿಸಿ ನೋಡ್ದೆ, ಪೆಡಲ್ ಗಟ್ಟಿಯಾಗಿತ್ತು, ಕಳಿಸ್ದೆ. ಮತ್ತೆ ಫೇಲ್, ಎಡಗಡೆ ನಂಬರ್ ಹೆಚ್ಚುಕಮ್ಮಿ ಅಲ್ಲೇ ಇತ್ತು.

ಆಗ ಸ್ಕ್ರ್ಯಾಪ್ ಡಬ್ಬದಿಂದ ಹಳೇ ಶೂ ನಾಲ್ಕೂ ಎತ್ತಿ ಬೆಂಚ್ ಮೇಲೆ ಇಟ್ಟೆ. ಬಲಗಡೆಯವು ಎರಡೂ ಸವೆದಿದ್ವು. ಎಡಗಡೇದು ಒಂದು ಪೂರ್ತಿ ಸವೆದು ರಿವಿಟ್ ಹತ್ರ ಬಂದಿತ್ತು, ಇನ್ನೊಂದರ ಲೈನರ್ (ಡ್ರಮ್ಮಿಗೆ ಉಜ್ಜೋ ಪದರ) ಮಾತ್ರ ದಪ್ಪಗೆ ಹಾಗೇ ಇತ್ತು. ಬಿಚ್ಚುವಾಗ ಅದನ್ನ ಕೈಯಲ್ಲೇ ಹಿಡ್ಕೊಂಡಿದ್ದೆ, ಇದರಲ್ಲಿ ಇನ್ನೂ ಇದೆ ಅಂದ್ಕೊಂಡು ಡಬ್ಬಕ್ಕೆ ಹಾಕಿದ್ದೆ. ಸವೆದಿಲ್ಲ ಅಂದ್ರೆ ಅದು ಡ್ರಮ್ಮಿಗೆ ತಾಗ್ತಾನೇ ಇರ್ಲಿಲ್ಲ ಅಂತ ಅರ್ಥ. ಡ್ರಮ್ ತೆಗೆದು ಆಯಿಲ್ ಒತ್ತಡದಿಂದ ಶೂಗಳನ್ನ ತಳ್ಳೋ ವೀಲ್ ಸಿಲಿಂಡರಿನ, ಆ ಶೂ ಕಡೆಯ ತುದಿಯ ರಬ್ಬರ್ ಬೂಟ್ ಸರಿಸಿದ್ರೆ ಒಳಗೆ ಕೆಸರಿನ ಥರ ಕಂದು ತುಕ್ಕು, ಪಿಸ್ಟನ್ ಜಾಮ್ ಆಗಿ ಕೂತಿತ್ತು. ಹುಡುಗನ ಕೈಲಿ ಮೆಲ್ಲಗೆ ಪೆಡಲ್ ಒತ್ತಿಸ್ದೆ, ಒಂದು ಶೂ ಮಾತ್ರ ಅಲ್ಲಾಡ್ತು.

ಇನ್ನೊಂದು ಸುಳಿವು ಮೊದಲನೇ ರಿಪೋರ್ಟಲ್ಲೇ ಇತ್ತು, ಹ್ಯಾಂಡ್ ಬ್ರೇಕ್ ಎರಡೂ ಕಡೆ ಸರಿಸಮ ಬಂದಿತ್ತು. ಈ ಥರ ಗಾಡೀಲಿ ಹ್ಯಾಂಡ್ ಬ್ರೇಕ್ ಅದೇ ಶೂಗಳನ್ನ ಕೇಬಲ್ಲಿಂದ ತಳ್ಳುತ್ತೆ, ಅದಕ್ಕೆ ಸಿಲಿಂಡರ್ ಬೇಕಾಗಿಲ್ಲ. ಕಾಲಿನ ಬ್ರೇಕ್ ಒಂದು ಕಡೆ ಕಮ್ಮಿ, ಹ್ಯಾಂಡ್ ಬ್ರೇಕ್ ಸರಿ ಅಂದ್ರೆ ಮೊದಲು ಶೂ ಅಲ್ಲ, ಆಯಿಲ್ ಲೈನ್, ಸಿಲಿಂಡರ್ ನೋಡ್ಬೇಕಿತ್ತು. ನಾನು ಫೇಲ್ ಅಂತ ಬರೆದಿದ್ದ ಸಾಲು ಮಾತ್ರ ಓದಿದ್ದೆ.

ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿದ್ರೆ "ಕಮ್ಮಿ ಆದಾಗೆಲ್ಲ ಹಾಕಿಸ್ತೀನಲ್ಲ ಅಣ್ಣ" ಅಂದ್ರು. ಮೇಲಿಂದ ತುಂಬಿಸಿದ್ರೆ ಕೆಳಗೆ ಸಿಲಿಂಡರಲ್ಲಿರೋ ಹಳೇದು ಎಲ್ಲಿಗೂ ಹೋಗಲ್ಲ. ಈ ಆಯಿಲ್ ಗಾಳಿಯ ತೇವ ಹೀರ್ಕೊಳುತ್ತೆ, ಆ ನೀರೇ ತುಕ್ಕು ಹಿಡಿಸೋದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿ ತನಕ ಕುದಿಯಲ್ಲ, ನೀರು ಸೇರ್ತಾ ಆ ಲೆಕ್ಕ 155ಕ್ಕೆ ಇಳಿಯುತ್ತೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ ಅನ್ನೋದು. ಎರಡೂ ಕಡೆ ಸಿಲಿಂಡರ್ ಹೊಸದು ಹಾಕಿ, ಹಳೇ ಆಯಿಲ್ ಎಲ್ಲ ತೆಗೆದು, ಏರ್ ತೆಗೆದು ಕಳಿಸ್ದೆ, ಮೂರನೇ ಸಲ ಪಾಸ್. ಈಗ ಬಿಚ್ಚಿದ ಶೂಗಳನ್ನ ಎಡ ಬಲ ಬರೆದು ಟ್ರೇಲಿ ಇಡ್ತೀನಿ, ರಿಸಲ್ಟ್ ಬರೋವರೆಗೂ ಎಸೆಯಲ್ಲ.

ಉಳಿದಿದ್ದು ನಿಮಗೂ ಗೊತ್ತಿರೋದೇ, ನಂಬರ್ ಪ್ಲೇಟ್ ಬಲ್ಬು, ಹಾರ್ನ್, ವೈಪರ್ ನೀರು, ಟೈರಿನ ಗೆರೆಗಳ ನಡುವೆ 1.6 ಮಿಮೀ ಸವೆತದ ಗುರುತು. ಚಾಸಿಗೆ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ) ಹೊಸದಾಗಿ ಕಪ್ಪು ಬಳಿದಿದ್ರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ಒಳಗೆ ತುಕ್ಕು ತಿಂದಿದ್ರೆ ಸದ್ದು ಮೊಂಡಾಗಿ ಬರುತ್ತೆ. ಡೀಸೆಲ್ ಗಾಡಿ ಹೊಗೆ ಟೆಸ್ಟಿಗೆ ತಣ್ಣಗಿರೋ ಇಂಜಿನ್ನಲ್ಲಿ ಹೋಗ್ಬೇಡಿ, ಏರ್ ಫಿಲ್ಟರ್ ನೋಡಿ, ಅರ್ಧ ಗಂಟೆ ಚೆನ್ನಾಗಿ ಓಡಿಸಿ ಇಂಜಿನ್ ಬಿಸಿ ಇರುವಾಗಲೇ ಲೈನಿಗೆ ಹೋಗಿ, ಕ್ಯೂ ಉದ್ದ ಇದ್ರೆ ಸ್ವಲ್ಪ ಮುಂಚೆ ಇನ್ನೊಂದು ರೌಂಡ್ ಹೊಡೆದು ಬನ್ನಿ.