ಪಹಣಿಯ 1-20 ಅನ್ನು ಎಐ ಓದುವಾಗ

ತುಮಕೂರಿನ ಸುತ್ತ ಆಫೀಸು ಕಟ್ಟಲು ಜಾಗ ನೋಡುತ್ತಿದ್ದು, ದಾಖಲೆಗಳ ಸಾರಾಂಶವನ್ನು ಎಐನಿಂದ ತೆಗೆಸಿದ್ದೀರಾ? ಮೊದಲು ವಿಸ್ತೀರ್ಣ ನೋಡಿ. ಪಹಣಿಯ 1-20 ಎಂದರೆ 1 ಎಕರೆ 20 ಗುಂಟೆ, ಒಟ್ಟು 60 ಗುಂಟೆ. ಎಐ ಅದನ್ನು 1.20 ಎಕರೆ ಎಂದುಕೊಂಡರೆ 48 ಗುಂಟೆಗೆ ಇಳಿಯುತ್ತದೆ. 12 ಗುಂಟೆ, ಅಂದರೆ 13,068 ಚದರ ಅಡಿ ಮಾಯ! ಎಕರೆಗೆ 40 ಗುಂಟೆ ಎಂದು ಮೊದಲೇ ತಿಳಿಸಿ. ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದ ಲೆಕ್ಕವನ್ನು ಮಾತ್ರ ಕೈಯಲ್ಲೇ ಹಾಕಿ.

ಹಳೇ ಕೈಬರಹದ ಕ್ರಯಪತ್ರಗಳಲ್ಲಿ ೬, ೯ ಅದಲುಬದಲಾಗಬಹುದು. ಸರ್ವೆ ನಂಬರು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಎರಡನ್ನೂ ನಕ್ಷೆಯ ಜೊತೆ ತಾಳೆ ನೋಡಲೇಬೇಕು.

ಎಐ ಉಲ್ಲೇಖಿಸುವ ಕೋರ್ಟ್ ತೀರ್ಪುಗಳನ್ನಂತೂ ಮೂಲ ಪ್ರತಿ ತೆರೆಯದೆ ನಂಬಬೇಡಿ. ಎಐ ಹುಟ್ಟುಹಾಕಿದ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟಿದ್ದಕ್ಕೆ 2023ರಲ್ಲಿ ನ್ಯೂಯಾರ್ಕ್‌ನ ವಕೀಲರಿಗೆ 5,000 ಡಾಲರ್ ದಂಡ ಬಿದ್ದಿದೆ.